ಮಳೆಗಾಲದ ಹೆದ್ದಾರಿ: ನಿಲ್ಲುವ ದೂರ, ನಿಲ್ಲುವ ಜಾಗ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಹೆದ್ದಾರಿಯ ಚಾಲಕರು ರಾಶಿಬಿದ್ದ ಬಿಳಿಯ ಹಿಮಕ್ಕಿಂತಲೂ ಹೆಚ್ಚಾಗಿ ಹೆದರುವುದು, ಡಾಂಬರಿನ ಕಪ್ಪು ಬಣ್ಣ ಹಾಗೆಯೇ ಕಾಣಿಸುವಷ್ಟು ತೆಳ್ಳಗೆ ಹೆಪ್ಪುಗಟ್ಟಿ, ರಸ್ತೆ ಬರಿದೆ ಒದ್ದೆಯಾಗಿದೆಯೆಂಬ ಭ್ರಮೆ ಹುಟ್ಟಿಸುವ ಮಂಜುಗಡ್ಡೆಯ ಪದರಕ್ಕೆ. ಅದಕ್ಕೆ ಅಲ್ಲಿಯವರು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಟೊರೊಂಟೊ, ಷಿಕಾಗೊ, ಡೆಟ್ರಾಯಿಟ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮೊದಲ ಚಳಿಗಾಲದಲ್ಲೇ ಕಲಿತುಕೊಳ್ಳಬೇಕಾದ ಪಾಠಗಳಲ್ಲಿ ಇದೂ ಒಂದು. ಉತ್ತರ ಕನ್ನಡದ ಕರಾವಳಿಯಲ್ಲಿ ಚಳಿಗಾಲದ ರಾತ್ರಿಯಲ್ಲೂ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ್ದರಿಂದ ಇಲ್ಲಿನ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟುವ ಪ್ರಶ್ನೆಯೇ ಇಲ್ಲ. ಆದರೆ ಟೈರಿಗೂ ರಸ್ತೆಗೂ ನಡುವೆ ತೆಳುವಾದ ಪದರವೊಂದು ಸೇರಿಕೊಂಡು ವಾಹನದ ಹಿಡಿತವನ್ನು ಕಸಿದುಕೊಳ್ಳುವ ಅಪಾಯ ಮಾತ್ರ ಇಲ್ಲಿಯೂ ವರ್ಷಕ್ಕೆ ನಾಲ್ಕು ತಿಂಗಳು ಇದ್ದೇ ಇರುತ್ತದೆ. ಇಲ್ಲಿ ಆ ಪದರ ನೀರಿನದು.

ಕುಮಟಾ ಮತ್ತು ಹೊನ್ನಾವರಗಳ ನಡುವೆ, ಗದ್ದೆಬಯಲುಗಳ ಅಂಚಿನಲ್ಲಿರುವ ಹಳದೀಪುರವನ್ನು ಹಾದುಹೋಗುವ ಹೆದ್ದಾರಿ ಮಹಾರಾಷ್ಟ್ರದ ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66. ಹಳಬರ ಬಾಯಲ್ಲಿ ಇದು ಇನ್ನೂ 17ನೇ ನಂಬರಿನ ಹೆದ್ದಾರಿಯೇ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸಹ್ಯಾದ್ರಿಯ ಸೆರಗಿನ ಗುಡ್ಡಗಳು, ನಡುವೆ ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಎಂದು ಹೊಳೆಯ ಮೇಲೆ ಹೊಳೆ ದಾಟುತ್ತ ಹೋಗುವ ಈ ದಾರಿಯ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಜನವರಿಯ ಹೆದ್ದಾರಿಯೂ ಜುಲೈಯ ಹೆದ್ದಾರಿಯೂ ನಕ್ಷೆಯಲ್ಲಿ ಒಂದೇ ಗೆರೆಯಾಗಿ ಕಂಡರೂ ವಾಹನದ ಪಾಲಿಗೆ ಅವೆರಡೂ ಬೇರೆ ಬೇರೆ ರಸ್ತೆಗಳು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರುಗಳನ್ನು ಹಾಕಿಕೊಂಡೇ ಓಡಿಸಬೇಕೆಂಬ ಕಾನೂನಿರುವುದು ಈ ವ್ಯತ್ಯಾಸವನ್ನು ಒಪ್ಪಿಕೊಂಡಿರುವುದರಿಂದಲೇ. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಮನೆಯ ಮಾಡು ನೋಡಿಸುವ, ಕಟ್ಟಿಗೆ ಒಳಗೆ ಸೇರಿಸುವ, ಉಪ್ಪಿನಕಾಯಿ ಹಪ್ಪಳ ಕೂಡಿಡುವ ಸಂಪ್ರದಾಯ ಗಟ್ಟಿಯಾಗಿ ಉಳಿದಿದ್ದರೂ, ಬಾಗಿಲಲ್ಲಿ ನಿಂತ ವಾಹನದ ಟೈರನ್ನು ಅದೇ ಕಾಳಜಿಯಿಂದ ನೋಡುವ ರೂಢಿ ಇನ್ನೂ ಬೆಳೆದಿಲ್ಲ.

ಓಡುವ ವಾಹನವನ್ನು ರಸ್ತೆಗೆ ಅಂಟಿಸಿ ಹಿಡಿದಿರುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ, ಅಂದರೆ ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲ. ಒಂದು ಕಾರಿನ ಪ್ರತಿಯೊಂದು ಟೈರೂ ಯಾವುದೇ ಕ್ಷಣದಲ್ಲಿ ನೆಲವನ್ನು ಮುಟ್ಟಿರುವ ಭಾಗ ಹೆಚ್ಚುಕಡಿಮೆ ಅಂಗೈ ಅಗಲದಷ್ಟೇ ಇದ್ದು, ಟನ್ನಿಗೂ ಮೀರಿದ ತೂಕವನ್ನು ತಿರುಗಿಸುವುದು, ನಿಲ್ಲಿಸುವುದು, ತಿರುವಿನಲ್ಲಿ ಹೊರಗೆ ಎಸೆಯದಂತೆ ಹಿಡಿದುಕೊಳ್ಳುವುದು ಎಲ್ಲವೂ ಆ ನಾಲ್ಕು ತುಣುಕುಗಳಿಂದಲೇ ನಡೆಯಬೇಕು. ಈ ಹಿಡಿತವನ್ನು ಅಳೆಯುವ ಸಂಖ್ಯೆಗೆ ಘರ್ಷಣಾಂಕ ಎಂದು ಹೆಸರು. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಅದು ಸುಮಾರು 0.7, ಒದ್ದೆ ಡಾಂಬರಿನ ಮೇಲೆ 0.4ರ ಆಸುಪಾಸು, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರಿನ ಬ್ರೇಕನ್ನು ಪೂರ್ತಿ ಒತ್ತಿದರೆ ಅದು ನಿಲ್ಲಲು ಒಣರಸ್ತೆಯಲ್ಲಿ ಸುಮಾರು 36 ಮೀಟರ್ ಬೇಕು, ಒದ್ದೆ ರಸ್ತೆಯಲ್ಲಿ 63 ಮೀಟರ್, ಮಂಜುಗಡ್ಡೆಯ ಮೇಲೆ 250 ಮೀಟರ್. ಎದುರಿನ ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನಲ್ಲೇ ಕಾರು ಇನ್ನೂ 22 ಮೀಟರ್ ಮುಂದೆ ಹೋಗಿರುವುದರಿಂದ ಅದನ್ನೂ ಇದಕ್ಕೆ ಕೂಡಿಸಬೇಕು. ಸವೆದ ಟೈರು, ಹೊಯ್ಯುವ ಮಳೆ, ಆಯಾಸಗೊಂಡ ಚಾಲಕ ಒಟ್ಟುಗೂಡಿದರೆ ಒದ್ದೆ ರಸ್ತೆಯ ಲೆಕ್ಕ ಮಂಜುಗಡ್ಡೆಯ ಲೆಕ್ಕದತ್ತ ಸರಿಯುತ್ತ ಹೋಗುತ್ತದೆ.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ನಿಲ್ಲುವ ದೂರ ವೇಗದ ಜೊತೆಗೆ ಸಮಸಮನಾಗಿ ಬೆಳೆಯುವುದಿಲ್ಲ. ವೇಗ ಇಮ್ಮಡಿಯಾದರೆ ಆ ದೂರ ನಾಲ್ಮಡಿಯಾಗುತ್ತದೆ. ಅದೇ ಒದ್ದೆ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದ ಕಾರಿಗೆ ನಿಲ್ಲಲು 16 ಮೀಟರ್ ಸಾಕಾಗುತ್ತದೆ. ಧಾರೇಶ್ವರದ ಬಳಿಯೋ ಹಳದೀಪುರದ ಬಳಿಯೋ ಕತ್ತಲಲ್ಲಿ ಹೆದ್ದಾರಿಯ ನಡುವೆ ಮಲಗಿದ ದನಗಳ ಹಿಂಡು ಹೆಡ್‌ಲೈಟಿನ ಬೆಳಕಿಗೆ ಮೊದಲ ಸಲ ಕಾಣಿಸುವ ಹೊತ್ತಿಗೆ ಉಳಿದಿರುವ ಅಂತರ 50 ಮೀಟರ್ ಎಂದಿಟ್ಟುಕೊಂಡರೆ, 40ರಲ್ಲಿ ಬಂದವನು ದನದಿಂದ ಎಷ್ಟೋ ಈಚೆಗೇ ನಿಲ್ಲುತ್ತಾನೆ, 80ರಲ್ಲಿ ಬಂದವನು ಎಷ್ಟೇ ಅನುಭವಿಯಾಗಿದ್ದರೂ ನಿಲ್ಲುವುದು ಸಾಧ್ಯವೇ ಇಲ್ಲ. ಮಳೆಗಾಲದಲ್ಲಿ ಗದ್ದೆ, ಬೇಣಗಳೆಲ್ಲ ಕೆಸರಾಗಿ, ಸುತ್ತಮುತ್ತ ನೀರು ನಿಲ್ಲದ ಎತ್ತರದ ಜಾಗವೆಂದರೆ ಹೆದ್ದಾರಿಯೊಂದೇ ಆಗುವುದರಿಂದ ದನಗಳು ಅಲ್ಲಿಗೇ ಬಂದು ಮಲಗುತ್ತವೆ.

ನೀರು ರಸ್ತೆಯನ್ನು ನೆನೆಸಿದಷ್ಟಕ್ಕೆ ಹಿಡಿತ ಕಡಿಮೆಯಾಗುತ್ತದೆ, ರಸ್ತೆಯ ಮೇಲೆ ನಿಂತಿತೆಂದರೆ ಹಿಡಿತ ಪೂರ್ತಿಯಾಗಿಯೇ ಹೋಗಿಬಿಡಬಹುದು. ಟೈರಿನ ಮೈಮೇಲಿರುವ ಗೀರುಗಳು, ಅಂದರೆ ಮೆಕ್ಯಾನಿಕ್‌ಗಳು ಬಟನ್ ಎನ್ನುವ ಉಬ್ಬುತಗ್ಗುಗಳು ಇರುವುದು ಟೈರಿನ ಕೆಳಗೆ ಸಿಕ್ಕ ನೀರನ್ನು ಅತ್ತಿತ್ತ ಹಿಂಡಿ ಹೊರಹಾಕಿ ರಬ್ಬರು ನೆಲವನ್ನು ಮುಟ್ಟುವಂತೆ ಮಾಡಲಿಕ್ಕೆ. ವೇಗ ಹೆಚ್ಚಾದಂತೆ ಆ ನೀರು ಹೊರಹೋಗಲು ಸಿಗುವ ಸಮಯ ಕಡಿಮೆಯಾಗುತ್ತ ಬಂದು, ಒಂದು ಹಂತದಲ್ಲಿ ಟೈರಿನ ಮುಂದೆ ರಾಶಿಯಾದ ನೀರು ಬೆಣೆಯಾಗಿ ಒಳನುಗ್ಗಿ ಟೈರನ್ನೇ ಮೇಲಕ್ಕೆತ್ತಿಬಿಡುತ್ತದೆ. ಆಮೇಲೆ ವಾಹನ ರಸ್ತೆಯ ಮೇಲಿರದೆ ನೀರಿನ ಮೇಲೆ ತೇಲುತ್ತಿರುತ್ತದೆ. ಹೈಡ್ರೋಪ್ಲೇನಿಂಗ್ ಎಂದು ಹೆಸರಾದ ಈ ವಿದ್ಯಮಾನವನ್ನು 1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದವರು ಒದ್ದೆ ರನ್‌ವೇಗಳಲ್ಲಿ ವಿಮಾನಗಳು ಜಾರುವ ಕಾರಣವನ್ನು ಹುಡುಕುತ್ತ ಅಧ್ಯಯನ ಮಾಡಿದರು. ಟೈರು ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿರುತ್ತದೆ ಎಂಬುದು ಅವರು ಕಂಡುಕೊಂಡ ಸೂತ್ರ. ಅದರ ಪ್ರಕಾರ 32 ಪೌಂಡ್ ಗಾಳಿಯಿರುವ ಟೈರು ನಿಂತ ನೀರಿನಲ್ಲಿ ಗಂಟೆಗೆ ಸುಮಾರು 94 ಕಿಲೋಮೀಟರಿನಲ್ಲಿ ತೇಲಿದರೆ, ಗಾಳಿ 24 ಪೌಂಡಿಗೆ ಇಳಿದಾಗ 82ಕ್ಕೇ ತೇಲಿಬಿಡುತ್ತದೆ. ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆಯಿದ್ದರೆ ಹಿಡಿತ ಚೆನ್ನಾಗಿರುತ್ತದೆಂಬ ನಂಬಿಕೆ ಊರೂರಿನಲ್ಲೂ ಇದೆ. ಹೆದ್ದಾರಿಯ ನೀರಿನ ಮಟ್ಟಿಗೆ ಅದು ತಿರುಗುಮುರುಗಾದ ನಂಬಿಕೆ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಿರಬಾರದೆಂದು ಭಾರತದ ಮೋಟಾರು ವಾಹನ ನಿಯಮವೂ ಹೇಳುತ್ತದೆ. ಗೀರುಗಳ ಸಂದಿನಲ್ಲಿ ಅಡ್ಡಕ್ಕೆ ಕಾಣುವ ಸಣ್ಣ ರಬ್ಬರ್ ದಿಂಡು ಟೈರಿನ ಮೇಲ್ಮೈಗೆ ಸಮನಾಗಿ ಬಂದಿತೆಂದರೆ ಆ ಮಿತಿ ಮುಟ್ಟಿದೆಯೆಂದೇ ಅರ್ಥವಾಗಿದ್ದು, ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ, ಬೆರಳು ಆಡಿಸಿ ನೋಡಿದರೆ ಸಾಕು.

ತೇಲುವ ಗಾಡಿಯ ಸ್ಟಿಯರಿಂಗ್ ಒಮ್ಮೆಲೇ ಹಗುರಾಗುತ್ತದೆ, ಎಂಜಿನ್ನಿನ ಸದ್ದು ಕಾರಣವಿಲ್ಲದೆ ಏರುತ್ತದೆ. ಆ ಗಳಿಗೆಯಲ್ಲಿ ಬ್ರೇಕ್ ತುಳಿದರೆ ತಿರುಗದೆ ನಿಂತುಬಿಟ್ಟ ಚಕ್ರಗಳು ನೀರಿನಿಂದ ಹೊರಬಂದು ನೆಲ ಮುಟ್ಟಿದ ಕೂಡಲೆ ಗಾಡಿ ಗಿರಕಿ ಹೊಡೆಯಬಹುದಾದ್ದರಿಂದ, ಎಕ್ಸಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯುವವರೆಗೆ ಕಾಯುವುದೊಂದೇ ದಾರಿ. ಮಂಜುಗಡ್ಡೆಯ ಮೇಲೆ ಜಾರಿದ ಚಾಲಕರಿಗೆ ಹಿಮದ ದೇಶಗಳಲ್ಲಿ ಕೊಡುವ ಸಲಹೆಯೂ ಹೆಚ್ಚುಕಡಿಮೆ ಇದೇ ಆಗಿರುವುದು ಎರಡೂ ಅಪಾಯಗಳ ಮೂಲ ಒಂದೇ ಎಂಬುದಕ್ಕೆ ಸಾಕ್ಷಿ.

ಒದ್ದೆ ನೆಲ ಎಷ್ಟು ಕ್ರೂರವಾಗಬಹುದೆಂಬುದನ್ನು ಹೊನ್ನಾವರದವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯೊಬ್ಬರನ್ನು ಕುಂದಾಪುರಕ್ಕೆ ಕರೆದೊಯ್ಯುತ್ತಿದ್ದ ಆಂಬುಲೆನ್ಸ್, ಬೈಂದೂರು ತಾಲ್ಲೂಕಿನ ಶಿರೂರಿನ ಟೋಲ್ ಕೇಂದ್ರದ ಹತ್ತಿರ ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಹಿಡಿತ ತಪ್ಪಿ, ಅಡ್ಡಡ್ಡ ಜಾರಿ, ಟೋಲ್ ಕಟ್ಟೆಗೆ ಅಪ್ಪಳಿಸಿ ಉರುಳಿತು. ರೋಗಿಯೂ ಸೇರಿ ನಾಲ್ವರು ಪ್ರಾಣ ಕಳೆದುಕೊಂಡರು. ಅಲ್ಲಿನ ಕ್ಯಾಮೆರಾದಲ್ಲಿ ದಾಖಲಾದ ದೃಶ್ಯವನ್ನು ನಾಡಿನಾದ್ಯಂತ ಜನ ನೋಡಿದರು. ಆಂಬುಲೆನ್ಸಿಗೆ ದಾರಿ ಬಿಡಿಸಲೆಂದು ಸಿಬ್ಬಂದಿ ಅಡ್ಡಗಟ್ಟೆಗಳನ್ನು ಎಳೆಯಲು ಓಡುವುದು, ಅಷ್ಟರಲ್ಲಿ ಗಾಡಿ ತಿರುಗುತ್ತ ಬರುವುದು, ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ವಾಹನಗಳು ನಿಂತು ಹೊರಡುವ ಟೋಲ್ ಕೇಂದ್ರಗಳ ಮುಂದಿನ ನೆಲದ ಮೇಲೆ ತೊಟ್ಟಿಕ್ಕಿದ ಎಣ್ಣೆ, ಬ್ರೇಕು ಹಾಕಿದಾಗ ಸವೆದ ರಬ್ಬರು ಸೇರಿಕೊಂಡು ಅದು ಉಳಿದ ರಸ್ತೆಗಿಂತ ನುಣುಪಾಗುವುದು ಎಲ್ಲೆಡೆಯೂ ಕಂಡುಬರುವ ಸಂಗತಿಯಾದ್ದರಿಂದ, ಅಂಥ ಜಾಗಕ್ಕೆ ಬಹಳ ಮುಂಚೆಯೇ ವೇಗ ಇಳಿಸಿಕೊಂಡು ಬರಬೇಕಾಗುತ್ತದೆ.

ಎಣ್ಣೆಯ ಮಾತು ಮೊದಲ ಮಳೆಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಬೇಸಿಗೆಯುದ್ದಕ್ಕೂ ರಸ್ತೆಯ ರಂಧ್ರಗಳಲ್ಲಿ ಕೂತ ಡೀಸೆಲ್, ಗ್ರೀಸ್, ಟೈರಿನ ಪುಡಿ, ಕೆಂಪು ಧೂಳು ಇವೆಲ್ಲ ಮೃಗಶಿರ ಮಳೆಯ ಮೊದಲ ಹನಿಗಳಿಗೆ ಮೇಲೆದ್ದು ಲೋಳೆಯಾಗುವುದರಿಂದ, ಮಳೆ ಜೋರಾಗಿ ಸುರಿದು ಅದನ್ನು ತೊಳೆದುಕೊಂಡು ಹೋಗುವವರೆಗಿನ ಅರ್ಧ ಗಂಟೆ ಇಡೀ ಹಂಗಾಮಿನಲ್ಲೇ ಅತ್ಯಂತ ಜಾರುವ ಹೊತ್ತು. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಸೇರ್ಪಡೆಯಿದೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ, ಇನ್ನೂ ಮಳೆಯಿರುವಾಗಲೇ ಮೀನಿನ ಲಾರಿಗಳ ಓಡಾಟ ಶುರುವಾಗುತ್ತದೆ. ಮುಚ್ಚಳ ಸರಿಯಿಲ್ಲದ ಲಾರಿಯಿಂದ ಸುರಿಯುವ ನೀರಿನಲ್ಲಿ ಕರಗಿದ ಐಸಿನ ಜೊತೆಗೆ ತಾರ್ಲೆ, ಬಂಗಡೆಗಳ ಮೈಯೆಣ್ಣೆಯೂ ಇರುತ್ತದೆ. ತಿರುವಿನಲ್ಲಿ ಲಾರಿ ವಾಲಿದಾಗ ಈ ನೀರು ಹೆಚ್ಚಾಗಿ ಚೆಲ್ಲುವುದು, ಹಿಂದೆ ಬರುವ ಬೈಕು ಓರೆಯಾಗಿ ವಾಲುವುದೂ ಅದೇ ತಿರುವಿನಲ್ಲೇ. ಹಾಗೆಯೇ ನಾಟಿಯ ದಿನಗಳಲ್ಲಿ ಗದ್ದೆ ಉತ್ತು ಬಂದ ಟಿಲ್ಲರ್, ಟ್ರ್ಯಾಕ್ಟರುಗಳ ಚಕ್ರದಿಂದ ಉದುರಿದ ಕೆಸರು, ಮಣ್ಣು ಸಾಗಿಸುವ ಟಿಪ್ಪರುಗಳಿಂದ ಬಿದ್ದ ಕೆಮ್ಮಣ್ಣು, ಸೇತುವೆಯ ಸಂದುಗಳಲ್ಲಿ ಕೂರಿಸಿದ ಕಬ್ಬಿಣದ ಪಟ್ಟಿ, ರಸ್ತೆಗೆ ಬಳಿದ ದಪ್ಪನೆಯ ಬಿಳಿ ಬಣ್ಣದ ಪಟ್ಟೆ ಇವೆಲ್ಲವೂ ಒದ್ದೆಯಾದಾಗ ದ್ವಿಚಕ್ರ ವಾಹನಕ್ಕೆ ಕಂಟಕವಾಗುತ್ತವೆ. 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಹಿಡಿದುಕೊಂಡು ಜಾರದಂತೆ ಬಿಟ್ಟುಬಿಟ್ಟು ಹಿಡಿಯುವ ವ್ಯವಸ್ಥೆ ಕಡ್ಡಾಯವಾಗಿದ್ದರೂ, ಊರಿನೊಳಗೆ ಹೆಚ್ಚಾಗಿ ಓಡುವ ಸಣ್ಣ ಸ್ಕೂಟರುಗಳಿಗೆ ಆ ರಕ್ಷಣೆ ಬಹುಮಟ್ಟಿಗೆ ದೊರೆತಿಲ್ಲ.

ಸ್ಕೂಟರಿನ ಹಿಂದೆ ಕೂತವರು ಕೊಡೆ ಬಿಚ್ಚುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ಒಂದೇ ಬದಿಗೆ ಕಾಲು ಹಾಕಿ ಕೂತವರಿಗೆ ಆಧಾರಕ್ಕೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಎದುರಿನಿಂದ ಬಂದ ಬಸ್ಸಿನ ಗಾಳಿಯೋ ಕಡಲ ಕಡೆಯ ಬೀಸೋ ಕೊಡೆಯೊಳಗೆ ಹೊಕ್ಕಿತೆಂದರೆ ಅದು ಹಿಡಿದವರನ್ನೇ ಹಿಂದಕ್ಕೆಳೆದು ರಸ್ತೆಗೆ ಬೀಳಿಸುತ್ತದೆ. ತಲೆ ನೆಲಕ್ಕೆ ಬಡಿದು ಆಗುವ ಇಂಥ ಸಾವುಗಳು ಕರಾವಳಿಯ ಪತ್ರಿಕೆಗಳಲ್ಲಿ ಮಳೆಗಾಲದುದ್ದಕ್ಕೂ ಒಳಪುಟದ ಸಣ್ಣ ಸುದ್ದಿಗಳಾಗಿ ಬಂದು ಹೋಗುತ್ತಿರುವುದು ನೋವಿನ ಸಂಗತಿ, ಏಕೆಂದರೆ ಒಂದು ಮಳೆಕೋಟು, ಒಂದು ಹೆಲ್ಮೆಟ್ ಇದ್ದಿದ್ದರೆ ಅವುಗಳಲ್ಲಿ ಹಲವನ್ನು ತಪ್ಪಿಸಬಹುದಿತ್ತು.

ಚಾಲಕನ ಎಚ್ಚರಕ್ಕೆ ಒಂದು ಮಿತಿಯಿದೆ. ಅದರಾಚೆಗೆ ರಸ್ತೆ ಕಟ್ಟಿದವರ ಹೊಣೆ ಶುರುವಾಗುತ್ತದೆ. ರಸ್ತೆಯ ಮೇಲೆ ಬಿದ್ದ ನೀರು ತಾನಾಗಿ ಅಂಚಿಗೆ ಹರಿದುಹೋಗಲೆಂದು ಅದಕ್ಕೆ ಅಡ್ಡಲಾಗಿ 100 ಅಡಿ ಅಗಲಕ್ಕೆ ಎರಡರಿಂದ ಎರಡೂವರೆ ಅಡಿಯಷ್ಟು ಇಳಿಜಾರು ಕೊಡುತ್ತಾರೆ. ತಿರುವುಗಳಲ್ಲಾದರೋ ವಾಹನ ಹೊರಕ್ಕೆ ಎಸೆಯಲ್ಪಡದಂತೆ ರಸ್ತೆಯ ಹೊರ ಅಂಚನ್ನು ಎತ್ತರಿಸಲಾಗುತ್ತದೆ. ಒಂದು ಬಗೆಯ ಇಳಿಜಾರು ಮುಗಿದು ಇನ್ನೊಂದು ಬಗೆಯದು ಆರಂಭವಾಗುವ ನಡುವೆ ರಸ್ತೆ ಅನಿವಾರ್ಯವಾಗಿ ಸಮತಟ್ಟಾಗುವ ಒಂದು ತುಣುಕು ಬರುತ್ತದೆ. ತಿರುವಿನ ಬಾಯಲ್ಲೇ ನೀರು ನಿಲ್ಲುವುದು ಈ ಕಾರಣಕ್ಕೆ, ಚಾಲಕ ಸ್ಟಿಯರಿಂಗ್ ತಿರುಗಿಸಲು ಆರಂಭಿಸುವುದೂ ಅಲ್ಲೇ. ಗೋವಾ ಗಡಿಯಿಂದ ಕುಂದಾಪುರದವರೆಗಿನ ಚತುಷ್ಪಥದ ಕೆಲಸ ಆರಂಭವಾಗಿ ದಶಕವೇ ಕಳೆದಿದ್ದು, ರಸ್ತೆ ಅಗಲವಾದಷ್ಟೂ ಅದರ ಮೇಲೆ ಬೀಳುವ ನೀರಿನ ಪ್ರಮಾಣವೂ ಆ ನೀರು ಅಂಚು ಮುಟ್ಟಲು ಹರಿಯಬೇಕಾದ ದೂರವೂ ಹೆಚ್ಚಾಗಿದೆ. ಹೀಗಿರುವಾಗ ಚರಂಡಿ ಮೊದಲಿಗಿಂತ ದೊಡ್ಡದಾಗಬೇಕಿತ್ತು. ಅನೇಕ ಕಡೆ ಅದು ಮಣ್ಣು, ಪ್ಲಾಸ್ಟಿಕ್ ತುಂಬಿ ಮುಚ್ಚಿರುತ್ತದೆ ಇಲ್ಲವೆ ಅರ್ಧಕ್ಕೆ ನಿಂತಿರುತ್ತದೆ. ಅಗಲ ರಸ್ತೆ ಚಾಲಕನಿಗೆ ಕೊಟ್ಟ ಧೈರ್ಯ ಮಾತ್ರ ಮಳೆಯಲ್ಲೂ ಹಾಗೆಯೇ ಉಳಿದಿರುವುದು ಈ ದಾರಿಯ ಇಂದಿನ ಬಹುದೊಡ್ಡ ಅಪಾಯವೆನ್ನಬೇಕು. ಹಳೆಯ ಇಕ್ಕಟ್ಟಾದ ರಸ್ತೆಯಲ್ಲಿ ಮಳೆ ಬಂದರೆ ಎಲ್ಲರೂ ತಾವಾಗಿಯೇ ನಿಧಾನಿಸುತ್ತಿದ್ದರು.

ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದ ಮಳೆಯನ್ನು ಭಾರಿ, 115.6ರಿಂದ ಮೇಲಿನದನ್ನು ಅತಿಭಾರಿ, 204.4 ದಾಟಿದ್ದನ್ನು ಅತ್ಯಧಿಕ ಭಾರಿ ಮಳೆಯೆಂದು ವಿಂಗಡಿಸುತ್ತದೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇಂಥ ಮುನ್ಸೂಚನೆಗಳನ್ನು ಆಧರಿಸಿಯೇ ಹೊರಡುತ್ತವೆ. 2022ರ ಆಗಸ್ಟ್ ಮೊದಲ ವಾರದಲ್ಲಿ, ಪುಷ್ಯ ಮಳೆಯ ಕೊನೆಯ ದಿನಗಳಲ್ಲಿ, ಭಟ್ಕಳದಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ಪೇಟೆ ಜಲಾವೃತವಾಯಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಭಟ್ಕಳದ ಎಷ್ಟೋ ಕುಟುಂಬಗಳು ನೆಲೆಸಿರುವ ಕೊಲ್ಲಿ ರಾಷ್ಟ್ರಗಳಲ್ಲೂ 2024ರ ಏಪ್ರಿಲ್ 16ರಂದು ಇದೇ ಬಗೆಯ ಅನುಭವವಾಯಿತು. ಅಲ್ ಐನ್ ಪ್ರದೇಶದ ಒಂದು ಕೇಂದ್ರದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಮಳೆ ದಾಖಲಾಗಿ, ದುಬೈನ ವಿಶಾಲ ಹೆದ್ದಾರಿಗಳಲ್ಲಿ ಕಾರುಗಳು ಮುಳುಗಿ ನಿಂತವು. ಹರಿಯುವ ನೀರು 30 ಸೆಂಟಿಮೀಟರ್ ಆಳವಿದ್ದರೆ ಸಣ್ಣ ಕಾರು ನೆಲ ಬಿಟ್ಟು ತೇಲಬಹುದು, 60 ಸೆಂಟಿಮೀಟರ್ ಇದ್ದರೆ ದೊಡ್ಡ ಗಾಡಿಗಳನ್ನೂ ಅದು ಎಳೆದುಕೊಂಡು ಹೋಗಬಲ್ಲದು. ಕೆಂಪು ನೀರಿನಡಿ ರಸ್ತೆಯೇ ಕೊಚ್ಚಿಹೋಗಿರಬಹುದಾದ್ದರಿಂದ ಆಳ ತಿಳಿಯದ ನೀರಿಗೆ ಗಾಡಿ ಇಳಿಸುವುದಕ್ಕಿಂತ ಹಿಂತಿರುಗುವುದೇ ಲೇಸು.

ಇಷ್ಟೆಲ್ಲ ನಿಲ್ಲುವ ದೂರದ ಮಾತು. ಮಳೆ ಕಣ್ಣು ಕಟ್ಟುವಷ್ಟು ಜೋರಾದಾಗ ಬದಿಗೆ ನಿಂತು ಕಾಯಬೇಕೆಂಬ ಸಲಹೆಯನ್ನು ಅನೇಕ ದೇಶಗಳ ಚಾಲನಾ ಕೈಪಿಡಿಗಳು ಕೊಡುತ್ತವೆ. ಆದರೆ ಉತ್ತರ ಕನ್ನಡದಲ್ಲಿ ಆ ಸಲಹೆಯ ಬೆನ್ನಿಗೇ, ಎಲ್ಲಿ ನಿಲ್ಲಬೇಕು ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ.

ಕರಾವಳಿಯ ಗುಡ್ಡಗಳ ಮೇಲ್ಪದರ ಚಿರೆಕಲ್ಲಿನದು. ಮನೆ ಕಟ್ಟಲು ಕಡಿದು ತೆಗೆಯುವ ಈ ಕೆಂಪು ಕಲ್ಲು ತೂತುತೂತಾಗಿದ್ದು ಮಳೆಯ ನೀರನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಬಹಳ ಕಡೆಗಳಲ್ಲಿ ಶೇಡಿ ಎಂದು ಕರೆಯುವ, ಬಿಳಿ, ಹಳದಿ, ತಿಳಿಗೆಂಪು ಬಣ್ಣಗಳ ನುಣ್ಣನೆಯ ಮಣ್ಣಿರುತ್ತದೆ. ಒಣಗಿರುವಾಗ ಗಟ್ಟಿಯಾಗಿ ನಿಲ್ಲುವ ಶೇಡಿ, ನೀರು ಕುಡಿದು ತಣಿದಾಗ ಬಲ ಕಳೆದುಕೊಂಡು ಮೆತ್ತಗಾಗುತ್ತದೆ. ಮೇಲಿನ ಚಿರೆಕಲ್ಲು, ಬಂಡೆ, ಮರಗಳ ಭಾರವೆಲ್ಲ ಅದರ ಮೇಲೆ ಜಾರಲು ಹವಣಿಸುತ್ತಿರುತ್ತದೆ. ಗುಡ್ಡಕ್ಕೆ ಅದರ ಸಹಜವಾದ ಇಳಿಜಾರು ಇರುವವರೆಗೆ ಬುಡದ ಮಣ್ಣೇ ಅದಕ್ಕೆ ಒತ್ತುಗೊಟ್ಟು ನಿಂತಿರುತ್ತದೆ. ರಸ್ತೆಗಾಗಿ ಆ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದಾಗ ಒತ್ತು ಹೋಗುತ್ತದೆ. ಕಡಿದ ವರ್ಷವೇ ಗುಡ್ಡ ಬೀಳಬೇಕೆಂದಿಲ್ಲ. ನಾಲ್ಕಾರು ಮಳೆಗಾಲ ಕಳೆದು, ಜನ ಅದನ್ನು ಮರೆತು, ಬುಡದಲ್ಲಿ ಅಂಗಡಿ ಇಟ್ಟುಕೊಂಡ ಮೇಲೂ ಬೀಳಬಹುದು. 2017ರ ಮಳೆಗಾಲದಲ್ಲಿ ಕುಮಟಾ ತಾಲ್ಲೂಕಿನ ತಂಡ್ರಕುಳಿಯಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಮನೆಗಳ ಮೇಲೆ ಬಿದ್ದು ಮಕ್ಕಳು ಸತ್ತಿದ್ದರು.

2024ರ ಜುಲೈ 16ರ ಬೆಳಿಗ್ಗೆ, ಪುನರ್ವಸು ಮಳೆಯ ಅಬ್ಬರದಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಹೆದ್ದಾರಿಯ ಒಂದು ಮಗ್ಗುಲಿಗೆ ಕಡಿದ ಗುಡ್ಡ, ಇನ್ನೊಂದು ಮಗ್ಗುಲಿಗೆ ಗಂಗಾವಳಿ ನದಿಯಿದ್ದ ಆ ಜಾಗದಲ್ಲಿ ಲಾರಿ, ಟ್ಯಾಂಕರುಗಳ ಚಾಲಕರು ಚಹಾ ಕುಡಿದು ದಣಿವಾರಿಸಿಕೊಳ್ಳಲು ನಿಲ್ಲುತ್ತಿದ್ದ ಹೋಟೆಲೊಂದಿತ್ತು. ಗುಡ್ಡ ಜರಿದಾಗ ಮಣ್ಣು ಹೋಟೆಲನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ನಿಂತಿದ್ದ ವಾಹನಗಳನ್ನೂ ಒಟ್ಟಿಗೇ ನೂಕಿಕೊಂಡು ನದಿಗೆ ಬಿತ್ತು. ಆ ಹೊಡೆತಕ್ಕೆ ಮೇಲೆದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು, ಅನಿಲ ತುಂಬಿದ ಟ್ಯಾಂಕರೊಂದು ಹೊಳೆಯಲ್ಲಿ ತೇಲಿಹೋಯಿತು. ಒಟ್ಟು 11 ಜನ ಈ ದುರಂತಕ್ಕೆ ಬಲಿಯಾದರು. ಕೇರಳದ ಚಾಲಕರೊಬ್ಬರ ಲಾರಿಗಾಗಿ ಮಳೆ, ಪ್ರವಾಹಗಳ ನಡುವೆ ವಾರಗಟ್ಟಲೆ ಹುಡುಕಾಟ ನಡೆದು, ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ತರಿಸಿ, ಸೆಪ್ಟೆಂಬರ್ 25ರಂದು ನದಿಯ ತಳದಲ್ಲಿ ಲಾರಿಯೂ ಅದರೊಳಗೆ ಅವರ ದೇಹವೂ ಸಿಕ್ಕಿದವು. ಅಲ್ಲಿ ಸತ್ತ ಚಾಲಕರು ಅತಿವೇಗದಲ್ಲಿ ಓಡಿಸುತ್ತಿರಲಿಲ್ಲ, ಯಾವ ನಿಯಮವನ್ನೂ ಮುರಿದಿರಲಿಲ್ಲ. ದಣಿದ ಚಾಲಕ ಏನು ಮಾಡಬೇಕೆಂದು ಎಲ್ಲರೂ ಹೇಳುತ್ತಾರೋ ಅದನ್ನೇ ಮಾಡಿ ರಸ್ತೆ ಬದಿಗೆ ನಿಂತಿದ್ದರು. ಚಾಲಕರು ಸುರಕ್ಷಿತವಾಗಿ ತಂಗಬಹುದಾದ ಬಯಲು ಜಾಗಗಳನ್ನು ಗುರುತಿಸಿ, ಬೆಳಕು, ನೀರು, ಶೌಚಾಲಯಗಳ ಸಮೇತ ಕಟ್ಟಿಕೊಡುವುದು ಹೆದ್ದಾರಿಯ ಕೆಲಸದ ಅಂಗವೇ ಆಗಬೇಕೆಂಬುದನ್ನು ಶಿರೂರು ಎತ್ತಿ ತೋರಿಸಿದಷ್ಟು ಬೇರೆ ಯಾವುದೂ ತೋರಿಸಲಾರದು.

ಅಂಥ ವ್ಯವಸ್ಥೆಯಾಗುವವರೆಗೆ ಪ್ರಯಾಣಿಕರು ಗುಡ್ಡದ ಲಕ್ಷಣಗಳನ್ನು ತಾವೇ ಓದಬೇಕಾಗುತ್ತದೆ. ಕಡಿದ ಗುಡ್ಡದ ಮೈಯಲ್ಲಿ ನಿನ್ನೆ ಇರದ ಒರತೆ ಇಂದು ಒಸರುತ್ತಿದ್ದರೆ, ಅದುವರೆಗೆ ತಿಳಿಯಾಗಿದ್ದ ನೀರು ರಾಡಿಯಾಗಿ ಬರತೊಡಗಿದರೆ, ಹರಿಯುತ್ತಿದ್ದ ಝರಿ ಏಕಾಏಕಿ ನಿಂತರೆ, ಮರಗಳೂ ವಿದ್ಯುತ್ ಕಂಬಗಳೂ ಒಂದೇ ಕಡೆಗೆ ವಾಲಿದ್ದರೆ, ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ರಸ್ತೆಯಲ್ಲಿ ಕಮಾನಿನಾಕಾರದ ಬಿರುಕು ಕಂಡರೆ ಗುಡ್ಡ ಸಡಿಲಾಗಿದೆಯೆಂದು ತಿಳಿದು ಅಲ್ಲಿ ಫೋಟೊ ತೆಗೆಯಲೂ ನಿಲ್ಲಬಾರದು. ನಿಲ್ಲಲೇಬೇಕಾದವರು ಕಡಿದ ಗುಡ್ಡದಿಂದಲೂ ಹೊಳೆಯಂಚಿನಿಂದಲೂ ದೊಡ್ಡ ಮರಗಳಿಂದಲೂ ದೂರವಾಗಿ, ಊರಿನೊಳಗಿನ ಪೆಟ್ರೋಲ್ ಬಂಕ್, ದೇವಸ್ಥಾನ, ಶಾಲೆಗಳ ಅಂಗಳದಂಥ ತೆರೆದ ಜಾಗಕ್ಕೆ ಹೋಗಬೇಕು. ಹೆದ್ದಾರಿಯ ಅಂಚಿನಲ್ಲೇ ದೀಪವಿಲ್ಲದೆ ನಿಂತ ಲಾರಿ, ಹಿಂದಿನಿಂದ ಬರುವವರ ಪಾಲಿಗೆ ಗುಡ್ಡಕುಸಿತಕ್ಕಿಂತ ಕಡಿಮೆ ಅಪಾಯವೇನೂ ಅಲ್ಲ. ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುವುದು ಹೀಗೆ ನಿಂತಿರುವಾಗ ಮಾತ್ರ ಸರಿ. ಮಳೆ ಬಂತೆಂದು ಓಡುತ್ತಿರುವಾಗಲೂ ಅವನ್ನು ಹಾಕಿಕೊಂಡರೆ ಗಾಡಿ ಎಡಕ್ಕೋ ಬಲಕ್ಕೋ ತಿರುಗಲಿದೆಯೆಂಬ ಸೂಚನೆ ಹಿಂದಿನವರಿಗೆ ಸಿಗುವುದೇ ಇಲ್ಲ. ಮಳೆಯಲ್ಲಿ ಓಡುವಾಗ ಬೇಕಾದುದು ಡಿಮ್ ಮಾಡಿದ ಹೆಡ್‌ಲೈಟು.

ಈ ದಾರಿಯಲ್ಲಿ ಓಡುವ ಅನಿಲ ಟ್ಯಾಂಕರುಗಳದು ಬೇರೆಯೇ ಭಯ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿ, ರಸ್ತೆ ಬದಿಯ ಮನೆಗಳವರು ಸುಟ್ಟು ಸತ್ತರು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಮೇಲೇರಿ ಚದುರಿಹೋಗದೆ ನೆಲಕ್ಕಂಟಿ ತಗ್ಗಿನ ಕಡೆಗೆ, ಗದ್ದೆ, ಚರಂಡಿ, ಬಾವಿಗಳ ಕಡೆಗೆ ಹರಿಯುತ್ತದೆ. ಆದ್ದರಿಂದ ಉರುಳಿದ ಟ್ಯಾಂಕರಿನ ಹತ್ತಿರ ಗಾಡಿ ಚಾಲೂ ಮಾಡುವುದಾಗಲಿ, ಮನೆಯ ಸ್ವಿಚ್ಚು ಒತ್ತುವುದಾಗಲಿ ಮಾಡದೆ, ಗಾಳಿ ಬೀಸಿಬರುವ ದಿಕ್ಕಿನತ್ತ, ಎತ್ತರದ ಕಡೆಗೆ ಕಾಲ್ನಡೆಯಲ್ಲಿ ದೂರ ಸರಿಯಬೇಕು.

ಹಿಮದ ದೇಶಗಳಲ್ಲಿ ಸೇತುವೆಗಳ ಮೇಲೆ ಮಂಜುಗಡ್ಡೆ ಎಲ್ಲಕ್ಕಿಂತ ಮೊದಲು ಕಟ್ಟುತ್ತದೆ, ಕೆಳಗಿನಿಂದಲೂ ಗಾಳಿ ತಾಗಿ ಅವು ಬೇಗ ತಣ್ಣಗಾಗುವುದೇ ಅದಕ್ಕೆ ಕಾರಣ. ಕರಾವಳಿಯ ಸೇತುವೆಗಳಲ್ಲಿ ಅದೇ ಬಯಲ ಗಾಳಿ ಇನ್ನೊಂದು ರೂಪದಲ್ಲಿ ಕಾಡುತ್ತದೆ. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವಾಗ ಕಟ್ಟಡ, ಮರಗಳ ಮರೆಯಿಂದ ಬಯಲಿಗೆ ಬಂದ ಬೈಕು ಅಳಿವೆಯ ಕಡೆಯಿಂದ ಬೀಸುವ ಗಾಳಿಗೆ ಒಮ್ಮೆಲೇ ಪಕ್ಕಕ್ಕೆ ಸರಿಯುತ್ತದೆ, ಎತ್ತರದ ಖಾಲಿ ಕಂಟೇನರ್ ಲಾರಿಗಳೂ ಅಲುಗುತ್ತವೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೇ ಮುರಿದು ಲಾರಿಯೊಂದು ನದಿಗೆ ಬಿದ್ದಾಗ ಚಾಲಕ ಬದುಕಿ ಬಂದದ್ದು ದೈವಕೃಪೆ ಎನ್ನುವಂತಿತ್ತು. ಅದಾದ ಮೇಲೆ ಹೊಳೆಸಾಲಿನ ಜನ ಪ್ರತಿಯೊಂದು ಹಳೆಯ ಸೇತುವೆಯನ್ನೂ ಆತಂಕದಿಂದ ನೋಡುತ್ತಿದ್ದಾರೆ.

ಚಳಿಗಾಲದಲ್ಲಿ ಕರಾವಳಿಯ ರಸ್ತೆ ಒಣಗಿದರೂ ಘಟ್ಟ ಹತ್ತುವ ದಾರಿಗಳಲ್ಲಿ ಅಪಾಯ ಪೂರ್ತಿ ತೊಲಗುವುದಿಲ್ಲ. ಹೊನ್ನಾವರದಿಂದ ಸಾಗರಕ್ಕೆ ಹೋಗುವ ಗೇರುಸೊಪ್ಪೆ ಘಟ್ಟ, ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗುವ ಅರಬೈಲ್ ಘಟ್ಟಗಳಲ್ಲಿ ನಸುಕಿನ ಮಂಜು ಕವಿದು, ಮರಗಳಿಂದ ತೊಟ್ಟಿಕ್ಕುವ ಇಬ್ಬನಿ ರಸ್ತೆಯ ಧೂಳನ್ನು ಲೋಳೆ ಮಾಡುತ್ತದೆ. 2025ರ ಜನವರಿ 22ರ ಬುಧವಾರ, ಕುಮಟಾದ ಸಂತೆಗೆಂದು ಸವಣೂರಿನಿಂದ ತರಕಾರಿ, ಹಣ್ಣು ತುಂಬಿಕೊಂಡು ವ್ಯಾಪಾರಿಗಳನ್ನು ಹೊತ್ತು ಬರುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಬೆಳಗು ಹರಿಯುವ ಮುನ್ನವೇ ಕಂದಕಕ್ಕೆ ಉರುಳಿ 10 ಜನ ಸತ್ತರು. ಸರಕಿನ ಮೇಲೆ ಜನ ಕೂತು ರಾತ್ರಿಯಿಡೀ ಘಟ್ಟ ಇಳಿಯುವ ಈ ಪದ್ಧತಿಗೆ ಬಡತನವೇ ಕಾರಣವಾಗಿರುವುದರಿಂದ ದಂಡ ಹಾಕಿದ ಮಾತ್ರಕ್ಕೆ ಅದು ನಿಲ್ಲುವಂಥದಲ್ಲ. ಸಂತೆಯ ಹಿಂದಿನ ರಾತ್ರಿ ಅವರಿಗೆಂದೇ ಬಸ್ಸೊಂದು ಇದ್ದಿದ್ದರೆ ಎಂಬ ಯೋಚನೆ ಬಾರದಿರದು.

ಮಳೆಗಾಲದ ಪ್ರಯಾಣವನ್ನು ಮುಂದೂಡಿ ಎಂದು ಹೇಳುವುದು ಸುಲಭವಾದರೂ ಹಳದೀಪುರ, ಹೊನ್ನಾವರ, ಭಟ್ಕಳಗಳ ಕುಟುಂಬಗಳಿಗೆ ಅನೇಕ ಸಲ ಆ ಆಯ್ಕೆಯೇ ಇರುವುದಿಲ್ಲ. ತಲೆಗೆ ಪೆಟ್ಟಾದವರನ್ನು, ಹೃದಯದ ಕಾಯಿಲೆ ಉಲ್ಬಣಿಸಿದವರನ್ನು ಹೊನ್ನಾವರದಿಂದ 100 ಕಿಲೋಮೀಟರಿಗೂ ದೂರದ ಮಣಿಪಾಲಕ್ಕೋ ಅದರಾಚೆಯ ಮಂಗಳೂರಿಗೋ ಇದೇ ಹೆದ್ದಾರಿಯಲ್ಲಿ, ಹೆಚ್ಚಾಗಿ ರಾತ್ರಿಯೇ ಒಯ್ಯಬೇಕಾಗುತ್ತದೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬಹುಕಾಲದ ಕೂಗು 2022ರ ಆಂಬುಲೆನ್ಸ್ ಅಪಘಾತದ ನಂತರ ಮತ್ತಷ್ಟು ಗಟ್ಟಿಯಾದದ್ದು ಸಹಜವೇ. ರಸ್ತೆ ಸುರಕ್ಷತೆಯ ಚರ್ಚೆಯಲ್ಲಿ ಆಸ್ಪತ್ರೆಯ ಬೇಡಿಕೆ ಹೊರಗಿನ ವಿಷಯವೇನಲ್ಲ. ತುರ್ತಿನ ಕಾರಣಕ್ಕೆ ಒದ್ದೆ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಓಡಬೇಕಾದ ವಾಹನಗಳು ಕಡಿಮೆಯಾಗಬೇಕಾದರೆ ಚಿಕಿತ್ಸೆಯೇ ಜನರಿಗೆ ಹತ್ತಿರವಾಗಬೇಕು.

ರಸ್ತೆಯಲ್ಲಿ ಗುಡ್ಡದ ಮಣ್ಣು, ಮರ, ನಿಂತ ನೀರು, ಅಪಘಾತ ಏನೇ ಕಂಡರೂ ತಿಳಿಸಲು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಮತ್ತು ಎಲ್ಲ ಬಗೆಯ ತುರ್ತಿಗೂ 112 ಎಂಬ ಸಂಖ್ಯೆಗಳು ದಿನದ 24 ಗಂಟೆಯೂ ಇರುತ್ತವೆ. ಗಾಯಾಳುಗಳಿಗೆ ನೆರವಾದವರನ್ನು ಪ್ರಕರಣದಲ್ಲಿ ಸಿಲುಕಿಸದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ರಕ್ಷಣೆ ಕೊಟ್ಟಿರುವುದರಿಂದ ಕರೆ ಮಾಡಲು ಯಾರೂ ಹಿಂಜರಿಯಬೇಕಾಗಿಲ್ಲ. ಕರೆ ಮಾಡಿದವರು ಬರಿಯ ಊರಿನ ಹೆಸರು ಹೇಳಿ ನಿಲ್ಲಿಸದೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ತಾಲ್ಲೂಕು, ರಸ್ತೆಯ ಯಾವ ಪಾರ್ಶ್ವ, ಅಂದರೆ ಮಂಗಳೂರಿನ ಕಡೆಗೆ ಹೋಗುವುದೋ ಕಾರವಾರದ ಕಡೆಗೆ ಹೋಗುವುದೋ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಇದೇ ಹೆದ್ದಾರಿಯಲ್ಲಿ ಶಿರೂರು ಎಂಬ ಹೆಸರಿನ ಊರು ಅಂಕೋಲಾದಲ್ಲೊಂದಿದೆ, ಬೈಂದೂರಿನಲ್ಲೊಂದಿದೆ.